ಒತ್ತಿದರೂ ಬಾರದ ಒತ್ತು

ಮಗಳ ಶಾಲೆಗೆ ಗೋಡೆಯಗಲದ ಸ್ಮಾರ್ಟ್ ಬೋರ್ಡು ಬಂದಾಗಿನಿಂದ ನಮ್ಮ ಮನೆಯಲ್ಲಿ ಟೀವಿ ಧಾರಾವಾಹಿ ನೋಡುವವರಿಲ್ಲ. ದಿನಕ್ಕೊಂದು ಕಂತನ್ನು ಮಗಳೇ ಹೊತ್ತು ತರುತ್ತಾಳೆ. ಓದುತ್ತಿರುವುದು ಮೂರನೇ ಕ್ಲಾಸು. ಫೋನಿನಲ್ಲಿ ನನಗೆ ಗೊತ್ತಿಲ್ಲದ ಸಂದುಗೊಂದಿಗಳೆಲ್ಲ ಅವಳಿಗೆ ಗೊತ್ತು. ಬಾರದಿರುವುದು ಒಂದೇ, ಒತ್ತಕ್ಷರ. ಅಕ್ಕನನ್ನು ‘ಅಕ’ ಮಾಡುತ್ತಾಳೆ, ಅಪ್ಪನನ್ನು ‘ಅಪ’ ಮಾಡುತ್ತಾಳೆ, ನಮ್ಮ ಅಜ್ಜಂಪುರವನ್ನು ‘ಅಜಂಪುರ’ ಮಾಡಿ ಯಾವುದೋ ಹೊರರಾಜ್ಯಕ್ಕೆ ಕಳಿಸಿಬಿಡುತ್ತಾಳೆ.

ನಾನು ಹತ್ತಕ್ಕೆ ನಿಂತವಳು. ಇವಳು ಒತ್ತಿಗೇ ನಿಂತರೆ ಗತಿಯೇನು ಎಂಬುದು ನನ್ನ ಚಿಂತೆ. ಅದಕ್ಕೆ ಸರಿಯಾಗಿ ಅವಳ ಮಿಸ್ಸು ವಾಟ್ಸಾಪ್ ಗ್ರೂಪಿನಲ್ಲಿ ಹಾಕಿದರು: ‘ಶಾಲೆ ತಪಾಸಣೆಗೆ ತರೀಕೆರೆಯಿಂದ ಸಾಹೇಬರು ಬರಲಿದ್ದಾರೆ. ಒತ್ತಕ್ಷರ ಬಾರದ ಮಕ್ಕಳನ್ನು ಎರಡನೇ ಕ್ಲಾಸಿನವರ ಜೊತೆ ಕೂರಿಸಲಾಗುವುದು.’

ಹೆಬ್ಬೆಟ್ಟು

ಮಾರನೇ ದಿನ ಇನ್ನೊಂದು ಮೆಸೇಜು ಬಂತು: ‘ಈ ವಾರ ಒತ್ತಕ್ಷರಕ್ಕೆ ಹೆಚ್ಚಿನ ಒತ್ತು ಕೊಡಲಾಗಿದೆ. ವಿಡಿಯೋ ನೋಡಲು ಲಿಂಕ್ ಒತ್ತಿ.’

ಒತ್ತಿದೆ. ಮೊದಲು ತಲೆಗೂದಲು ಉದುರದ ಎಣ್ಣೆ ಬಂತು, ಆಮೇಲೆ ಸೈಟು ಮಾರುವವರು ಬಂದರು. ಒತ್ತಕ್ಷರ ಬರುವ ಹೊತ್ತಿಗೆ ನೆಟ್ಟು ಹೋಯಿತು.

‘ಮಿಸ್, ನನ್ನ ಮಗಳಿಗೆ ಒತ್ತೇ ಬರಲ್ಲ. ಏನು ಮಾಡಲಿ?’ ಎಂದು ಗ್ರೂಪಿನಲ್ಲೇ ಕೇಳಿದೆ. ಒಬ್ಬರು ಗುಲಾಬಿ ಹೂವಿನ ಜೊತೆ ಶುಭೋದಯ ಹೇಳಿದರು. ಇನ್ನೊಬ್ಬರು ಈರುಳ್ಳಿ ರೇಟು ಹಾಕಿದರು. ಮಿಸ್ಸೂ ಸೇರಿದಂತೆ ಉಳಿದವರೆಲ್ಲ ಹೆಬ್ಬೆರಳು ಎತ್ತಿ ತೋರಿಸಿದರು.

ಹಿಂದೆ ಓದು ಬಾರದವರು ಹೆಬ್ಬೆಟ್ಟು ಒತ್ತುತ್ತಿದ್ದರಂತೆ. ಈಗ ಓದಿಸುವವರೂ ಅದನ್ನೇ ಒತ್ತುತ್ತಾರೆ.

ಬಳಪ

ಇವರನ್ನು ನಂಬಿದರೆ ಆಗದು ಎಂದು ಅಟ್ಟದ ಮೇಲಿದ್ದ ನನ್ನ ಹಳೇ ಸ್ಲೇಟು ಇಳಿಸಿದೆ. ಕೈಗೆ ಬಳಪ ಕೊಟ್ಟು, “ಅಜ್ಜಿ ಅಂತ ಬರಿ” ಎಂದು ರೊಟ್ಟಿ ತಟ್ಟಲು ಹೋದೆ.

ಬಂದು ನೋಡಿದರೆ ಸ್ಲೇಟಿನ ಮೇಲೆ ‘ಅಜ’ ಅಷ್ಟೇ ಇದೆ. ಇವಳು ಅದನ್ನೇ ದಿಟ್ಟಿಸುತ್ತಾ ಕೂತಿದ್ದಾಳೆ.

“ಏನೇ ಕಾಯ್ತಾ ಇದೀಯಾ?”

“ಇರಮ್ಮ, ಮೇಲ್ಗಡೆ ಅಜ್ಜ, ಅಜ್ಜಿ, ಅಜ್ಜಂಪುರ ಅಂತ ಬತ್ತದಲ್ಲ? ಬಂದೇಟ್ಗೆ ಅಜ್ಜಿನ ಒತ್ತಿಬಿಡ್ತೀನಿ.”

“ಅದು ಫೋನ್‌ನಲ್ಲಿ ಬರೋದು ಕಣೇ! ಇದು ಸ್ಲೇಟು.”

ಇವಳು ಬಳಪವನ್ನು ಒಮ್ಮೆ ಒದರಿ, ಕಿವಿಯ ಹತ್ತಿರ ಹಿಡಿದು ನೋಡಿ, “ಹಂಗಾದ್ರೆ ಇದ್ರಲ್ಲಿ ಚಾರ್ಜಿಲ್ಲ ಬಿಡು” ಎಂದು ಎದ್ದು ಹೋದಳು.

ಅಕ್ಕಿ

ಆ ವಾರದ ಹೋಂವರ್ಕು, ಮಕ್ಕಳು ಪಾಠ ಓದುವುದನ್ನು ವಿಡಿಯೋ ಮಾಡಿ ಗ್ರೂಪಿಗೆ ಕಳಿಸುವುದು. ಓದಿಗಿಂತ ಸಿಂಗಾರವೇ ಹೆಚ್ಚಾಯಿತು. ಒಬ್ಬ ತಾಯಿ ಮಗಳಿಗೆ ಮೊಗ್ಗಿನ ಜಡೆ ಹಾಕಿಸಿದ್ದಳು. ನಾನೂ ಬಿಡದೆ ಪೌಡರು ಬಳಿದು ನಿಲ್ಲಿಸಿದೆ. ಪಾಠ ಬಾಯಿಪಾಠವಾಗಿತ್ತು. ಬಾಯಿಗೆ ಒತ್ತು ಚೆನ್ನಾಗಿಯೇ ಬರುತ್ತದೆ, ಬಾರದಿರುವುದು ಕೈಗೆ.

“ಅಕ್ಕ ಅಕ್ಕಿ ತಂದಳು” ಎಂದಳು ರಾಗವಾಗಿ.

ಒಳಗಿಂದ ನಮ್ಮ ಅತ್ತೆಯ ದನಿ ಬಂತು: “ಎಲ್ಲೇ ತಂದ್ಲು? ಡಬ್ಬದ ತಳ ಕಾಣ್ತಾ ಐತೆ. ನಿಮ್ಮಪ್ಪಂಗೆ ಹೇಳಿ ಹೇಳಿ ನನ್ನ ಬಾಯಿ ಬಿದ್ದೋಯ್ತು!”

ಅದೂ ವಿಡಿಯೋದಲ್ಲಿ ಸೇರಿದೆ ಎಂದು ಗೊತ್ತಾಗಿದ್ದು ಕಳಿಸಿದ ಮೇಲೆಯೇ. ಅಳಿಸುವಷ್ಟರಲ್ಲಿ ಮಿಸ್ಸಿನ ಉತ್ತರ ಬಂದಿತ್ತು: ‘ಸೂಪರ್! ಅಜ್ಜಿಯವರ ಸಹಭಾಗಿತ್ವ ಶ್ಲಾಘನೀಯ.’

ಸಂಜೆ ದಿನಸಿ ಅಂಗಡಿಯವರು ಅಕ್ಕಿ ಮೂಟೆ ಇಳಿಸಿ ಹೋದರು. ಅವರ ಮಗನೂ ಅದೇ ಕ್ಲಾಸು. “ವಿಡಿಯೋ ನೋಡ್ದೆ ಕಣವ್ವಾ, ಪಾಪ ಅನ್ನಿಸ್ತು” ಎಂದರು. ಆನ್‌ಲೈನ್ ಶಿಕ್ಷಣದಿಂದ ನಮ್ಮ ಮನೆಗೆ ಆದ ಲಾಭ ಅದೊಂದೇ.

ಅಜ್ಜಿಗೆ ಒತ್ತು

ಆಗಲೇ ನನಗೆ ಒಂದು ವಿಷಯ ಹೊಳೆಯಿತು. ಅಪ್ಪ, ಅಮ್ಮ, ಅಣ್ಣ, ಅಕ್ಕ, ಅಜ್ಜಿ, ಚಿಕ್ಕಪ್ಪ, ದೊಡ್ಡಮ್ಮ, ಎಲ್ಲರಿಗೂ ಒತ್ತಿದೆ. ಅತ್ತೆಗಂತೂ ಇದ್ದೇ ಇದೆ. ಸೊಸೆಗೆ ಮಾತ್ರ ಇಲ್ಲ. ಆದರೂ ಅತ್ತೆಯ ಕಾಲು ಒತ್ತುವವಳು ಸೊಸೆಯೇ. ಈಚೆಗೆ ಆ ಕೆಲಸವನ್ನು ಮಗಳಿಗೆ ದಾಟಿಸಿದ್ದೇನೆ. ದೀಪ ಹಚ್ಚುವ ಹೊತ್ತಿಗೆ “ಬಾರೇ, ಅಜ್ಜಿಗೆ ಸ್ವಲ್ಪ ಒತ್ತು” ಎಂಬ ಕೂಗು ನಮ್ಮ ಬೀದಿಗೆಲ್ಲ ಗೊತ್ತು.

ಸಾಹೇಬರು ಬಂದೇಬಿಟ್ಟರು. ಸ್ಮಾರ್ಟ್ ಬೋರ್ಡು ನೋಡಲು ಪೋಷಕರಿಗೂ ಕರೆ ಬಂದಿತ್ತು. “ನನ್ನ ವಿಡಿಯೋ ಹೊಗಳಿದ ಮಿಸ್ಸಮ್ಮನ್ನ ನಾನೂ ನೋಡ್ಬೇಕು” ಎಂದು ಅತ್ತೆ ನನ್ನ ಜೊತೆ ಹೊರಟು ಬಂದು ಹಿಂದಿನ ಬೆಂಚಿನಲ್ಲಿ ಕೂತರು.

ಮಕ್ಕಳು ಬೋರ್ಡಿನ ಮೇಲಿನ ಚಿತ್ರಗಳನ್ನು ಒಂದೊಂದಾಗಿ ಮುಟ್ಟಿದರು. ಸರಿಯಾದರೂ ಚಪ್ಪಾಳೆ ಸದ್ದು ಬಂತು, ತಪ್ಪಾದರೂ ಬಂತು. ಸಾಹೇಬರು ಸ್ವಲ್ಪ ಹೊತ್ತು ನೋಡಿ, “ಇದು ಸಾಕು, ಸೀಮೆಸುಣ್ಣ ಕೊಡಿ” ಎಂದರು. ಮಿಸ್ಸು ಕಪಾಟೆಲ್ಲ ತಡಕಿ ಕೊನೆಗೆ ಒಂದು ಚೂರು ತಂದರು. ಸಾಹೇಬರು ಪಕ್ಕದ ಹಳೇ ಕಪ್ಪು ಹಲಗೆಯ ಮೇಲೆ ‘ಅಜಿ’ ಎಂದು ಬರೆದು, ನೆಟ್ಟಗೆ ನನ್ನ ಮಗಳನ್ನೇ ಕರೆದರು.

“ಇದು ಅಜ್ಜಿ ಆಗ್ಬೇಕಮ್ಮ. ಏನು ಮಾಡ್ಬೇಕು?”

ಇವಳು ಅಜ್ಜಿ ಬರುತ್ತಾಳೇನೋ ಎಂಬಂತೆ ಹಲಗೆಯ ಮೇಲ್ಗಡೆ ಕಣ್ಣಾಡಿಸಿದಳು. ಎರಡನೇ ಕ್ಲಾಸಿನ ಬೆಂಚು ನನ್ನ ಕಣ್ಣಿಗೆ ಕಟ್ಟಿತು.

“ಹೆದರ್ಕೋಬೇಡ. ಅಜ್ಜಿಗೆ ಒತ್ತು ಕೊಡೋಕೆ ಬರಲ್ವಾ?”

ಮಗಳ ಮುಖ ಅರಳಿತು. “ಬತ್ತದೆ ಸಾರ್! ದಿನಾ ಒತ್ತೀನಿ!”

ಓಡಿ ಬಂದವಳೇ ಹಿಂದಿನ ಬೆಂಚಿನ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು, ಅಜ್ಜಿಯ ಬಲಗಾಲು ತೊಡೆಯ ಮೇಲಿಟ್ಟುಕೊಂಡು ಒತ್ತತೊಡಗಿದಳು. ಅತ್ತೆ ಹಾಯಾಗಿ ಕಣ್ಣು ಮುಚ್ಚಿದರು. ಕ್ಲಾಸಿಗೆ ಕ್ಲಾಸೇ ಬಿದ್ದು ಬಿದ್ದು ನಕ್ಕಿತು. ನನಗೆ ನೆಲ ಬಿರಿದು ನುಂಗಬಾರದೇ ಅನಿಸಿತು.

ಸಾಹೇಬರು ಕಣ್ಣೊರೆಸಿಕೊಂಡು, “ಅಲ್ಲಮ್ಮಾ, ಈ ಅಜ್ಜಿ ಕಾಲಿಗಲ್ಲ. ಹಲಗೆ ಮೇಲಿರೋ ‘ಜಿ’ ಕಾಲಿಗೆ!” ಎಂದರು.

ಇವಳ ಕೈ ಗಕ್ಕನೆ ನಿಂತಿತು. ಎದ್ದು ಹೋಗಿ ಸುಣ್ಣದ ಚೂರು ತೆಗೆದುಕೊಂಡು ‘ಜಿ’ಯ ಕಾಲ ಹತ್ತಿರ ಪುಟ್ಟದಾಗಿ ಒತ್ತು ಬರೆದಳು. ಅಜ್ಜಿ! ಅಷ್ಟಕ್ಕೇ ಬಿಡದೆ ಕೆಳಗೆ ಅಕ್ಕ, ಅಪ್ಪ, ಅಮ್ಮ ಎಲ್ಲರ ಕಾಲಿಗೂ ಒತ್ತಿ, “ಕಾಲತ್ರ ಅಂತ ಮೊದ್ಲೇ ಹೇಳ್ಬಾರ್ದಾ ಸಾರ್?” ಎಂದಳು.

“ನೋಡಿ ಸಾರ್, ಸ್ಮಾರ್ಟ್ ಬೋರ್ಡಿನ ಫಲ!” ಎಂದರು ಮಿಸ್ಸು, ಫೋನಿನಲ್ಲಿ ವಿಡಿಯೋ ಮಾಡುತ್ತಲೇ. ಬೋರ್ಡು ಯಾರೂ ಮುಟ್ಟದಿದ್ದರೂ ಇನ್ನೊಮ್ಮೆ ಚಪ್ಪಾಳೆ ಹೊಡೆಯಿತು.

“ಈ ಮಗು ಮೂರನೇ ಕ್ಲಾಸಲ್ಲೇ ಇರ್ಲಿ” ಎಂದರು ಸಾಹೇಬರು.

ನಮ್ಮ ಅತ್ತೆ ಕಣ್ಣು ತೆರೆದು ಎಡಗಾಲು ಮುಂದೆ ಚಾಚಿದರು. “ಯಾವ ಕ್ಲಾಸಲ್ಲಾದ್ರೂ ಇಟ್ಕಳಿ ಸಾಹೇಬ್ರೇ. ಇನ್ನೊಂದು ಕಾಲು ಬಾಕಿ ಐತೆ, ಮೊದ್ಲು ಇತ್ಲಾಗೆ ಕಳ್ಸಿ.”