ಹಾಡಿಗೆ ಸೇರಿದ ಹೆಸರು

ಪಂಚಾಕ್ಷರಪ್ಪನವರು ಶಪಥ ಮಾಡಿಯೇಬಿಟ್ಟರು. ಈ ಸಲ ಮಂಗಳೂರಿಗೆ ಹೋಗಿ ಸೂರಪ್ಪನ ಹಾಡಿನಲ್ಲಿ ತಮ್ಮ ಹೆಸರು ಸೇರಿಸಿಕೊಂಡು ಬರದಿದ್ದರೆ, ದಾವಣಗೆರೆಯ ನೀರು ಮುಟ್ಟುವುದಿಲ್ಲ!

ಈ ಸಿಟ್ಟಿಗೆಲ್ಲ ಕಾರಣ ಪಿ.ಜೆ. ಬಡಾವಣೆಯ ಪಕ್ಕದ ಮನೆಯ ಉಜ್ಜನಪ್ಪ. ಹೋದ ವರ್ಷ, ಐವತ್ತೆಂಟನೇ ಇಸವಿಯಲ್ಲಿ, ಹೆಂಚು ತರಲು ಮಂಗಳೂರಿಗೆ ಹೋದ ಈ ಮಹಾನುಭಾವ ಸೂರಪ್ಪನ ಬಾಯಲ್ಲಿ ತನ್ನ ಹೆಸರು ಹಾಡಿಸಿಕೊಂಡು ಬಂದಿದ್ದ. ಸೂರಪ್ಪ ಹರಿಹರದವನು. ಹೆಂಚಿನ ಕಾರ್ಖಾನೆಯ ಕೆಲಸಕ್ಕೆಂದು ಘಟ್ಟ ಇಳಿದವನು, ಸಂಜೆಯಾದರೆ ಏಕತಾರಿ ಹಿಡಿದು ತಾನೇ ಕಟ್ಟಿದ ಹಾಡು ಹಾಡುತ್ತಿದ್ದ. ಕೂತವರಲ್ಲಿ ಯಾರಾದರೂ ಹೆಂಗಸು ಒಡಪು ಹಾಕಿ, ಅಂದರೆ ಪ್ರಾಸ ಕೂಡಿಸಿ, ಗಂಡನ ಹೆಸರು ಹೇಳಿದರೆ ಅದನ್ನೇ ಹಿಡಿದು ಅಲ್ಲೇ ಹೊಸ ಹಾಡು ಕಟ್ಟುವುದು ಅವನ ಪದ್ಧತಿ. ಉಜ್ಜನಪ್ಪನ ಹೆಂಡತಿ ಗಂಡನನ್ನು ಹುಣ್ಣಿಮೆ ಚಂದ್ರ ಎಂದಿದ್ದಳಂತೆ. ಆ ಮುಖಕ್ಕೆ ಹುಣ್ಣಿಮೆ! ಅಂದಿನಿಂದ ಆತ ಹಲ್ಲುಜ್ಜುವಾಗಲೂ ಅದೇ ಹಾಡು. ಗೋಡೆಯ ಈಚೆ ಪಂಚಾಕ್ಷರಪ್ಪನವರಿಗೆ ಮೈಯೆಲ್ಲ ಉರಿಯುತ್ತಿತ್ತು.

ಕಷ್ಟವೆಂದರೆ, ಅವರ ಹೆಂಡತಿ ಗುರುಶಾಂತಮ್ಮ ಮೂವತ್ತು ವರ್ಷಗಳಲ್ಲಿ ಒಮ್ಮೆಯೂ ಗಂಡನ ಹೆಸರು ಹಿಡಿದವರಲ್ಲ. ಜನಗಣತಿಯವನು ಯಜಮಾನರ ಹೆಸರು ಕೇಳಿದಾಗ ಗೋಡೆಯ ಮೇಲಿನ ಶಿವನ ಪಟ ತೋರಿಸಿದ್ದರು. ಆತ ‘ಶಿವಪ್ಪ’ ಎಂದು ಬರೆದುಕೊಂಡು ಹೋಗಿದ್ದ.

“ಒಡಪಿನಾಗಾದ್ರೂ ಹೇಳ್ತೀಯೋ ಇಲ್ಲೋ?” ಎಂದು ಗದರಿದರು ಪಂಚಾಕ್ಷರಪ್ಪ.

“ಒಡಪಿನಾಗೆ ಅಡ್ಡಿ ಇಲ್ರೀ” ಎಂದರು ಗುರುಶಾಂತಮ್ಮ.

ಹೊರಡುವ ದಿನ ಮನೆಗೆ ಬೀಗ ಹಾಕಿ ಬೀಗದ ಕೈ ಇಟ್ಟುಕೊಂಡವರು ಪಂಚಾಕ್ಷರಪ್ಪನವರೇ. ಅಂಥ ಜವಾಬ್ದಾರಿಯ ಕೆಲಸ ಬೇರೆಯವರಿಗೆ ಕೊಡುವ ಪೈಕಿಯವರಲ್ಲ ಅವರು. ಬಸ್ಸು ಬರುವುದು ತಡವಾಯಿತು.

“ನೀನು ಸೀರಿ ಉಡೋದು ತಡ ಮಾಡಿದ್ದಕ್ಕೇ ಹಿಂಗಾತು.”

“ನಾವು ಬಂದು ತಾಸಾತಲ್ರೀ. ಬಸ್ಸೇ ಬಂದಿಲ್ಲ.”

“ಎದುರು ಮಾತಾಡ್ಬ್ಯಾಡ.”

ಘಟ್ಟದಲ್ಲಿ ಟೈರು ಪಂಚರಾಯಿತು. ಅದಕ್ಕೆ ಹೆಂಡತಿಯ ರೊಟ್ಟಿ ಬುತ್ತಿಯ ಭಾರವೇ ಕಾರಣವೆಂದು ತೀರ್ಮಾನವಾಯಿತು. ಮಂಗಳೂರಿನಲ್ಲಿ ಬೆವರು ಧಾರಾಕಾರ ಇಳಿಯಿತು. ಅದಕ್ಕೂ ಬೈದರು. ದಪ್ಪ ಕೋಟು ತೆಗೆದುಕೊಟ್ಟವಳು ಅವಳೇ ತಾನೆ!

ಹಾಡು ಇದ್ದದ್ದು ಹೆಂಚಿನ ವ್ಯಾಪಾರಿ ಭರಮಣ್ಣನ ಮನೆಯ ಜಗಲಿಯಲ್ಲಿ. ಇಪ್ಪತ್ತು ಮಂದಿ ಚಾಪೆಯ ಮೇಲೆ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತಿದ್ದರು. ಹರಿಹರದ ಹೊಳೆ ಬಿಟ್ಟು ಕಡಲ ದಂಡೆಗೆ ಬಂದವನ ಕಥೆಯನ್ನು ಸೂರಪ್ಪ ಮೆಲ್ಲಗೆ ಹಾಡಿದ. ಗುರುಶಾಂತಮ್ಮ ಕಣ್ಣೊರೆಸಿಕೊಂಡರು. ಪಂಚಾಕ್ಷರಪ್ಪನವರ ಕಿವಿಗೆ ಒಂದಕ್ಷರವೂ ಬೀಳಲಿಲ್ಲ. ಅವರು ಮೊಣಕೈಯಿಂದ ಹೆಂಡತಿಯನ್ನು ತಿವಿಯುವುದರಲ್ಲಿದ್ದರು.

“ಸೂರ್ಯ ಅನ್ನು. ಚಂದ್ರ ಖರ್ಚಾಗಿ ಹೋಗ್ಯಾನೆ.”

ಹಾಡು ಮುಗಿಯಿತು. “ದಾವಣಗೇರಿಯೋರಂತೆ, ನಮ್ಮ ಕಡೆಯೋರು. ಒಂದು ಒಡಪು ಹಾಕ್ರಿ ತಾಯಿ” ಎಂದ ಸೂರಪ್ಪ.

ಗುರುಶಾಂತಮ್ಮ ಸೆರಗು ಸರಿಮಾಡಿಕೊಂಡು ಎದ್ದು ನಿಂತರು.

“ಹಾಲು ಒಡೆದ್ರೆ ಯಾರ ತಪ್ಪು?
ಬಸ್ಸು ತಡ ಆದ್ರೆ ಯಾರ ತಪ್ಪು?
ಪಂಚರ್ ಆದ್ರೂ ನನ್ನೇ ಬೈಯೋರು ನಮ್ಮ ಪಂಚಾಕ್ಷರಪ್ಪ.”

ಜಗಲಿ ಬಿದ್ದು ಬಿದ್ದು ನಕ್ಕಿತು. ಸೂರಪ್ಪ ಏಕತಾರಿ ಮೀಟಿದ. ಪ್ರಶ್ನೆ ತನ್ನದೆಂದ, ಕೊನೆಯ ಹೆಸರು ಕೂತವರದೆಂದ. ನಡುವಿನ ‘ನನ್ನೇ ಬೈಯೋರು’ ಎಂಬುದನ್ನು ಹಾರಿಸಿಯೇಬಿಟ್ಟ.

“ಮಂಗಳೂರ ಸೆಕೆಗೆ ಯಾರ ತಪ್ಪು?”

“ಪಂಚಾಕ್ಷರಪ್ಪ!”

“ಕಡಲ ನೀರು ಉಪ್ಪಾತು, ಯಾರ ತಪ್ಪು?”

“ಪಂಚಾಕ್ಷರಪ್ಪ!”

ಎದ್ದು ಹೋಗೋಣವೆಂದರೆ ಸುತ್ತಲೂ ಮೊಣಕಾಲು. ಪಂಚಾಕ್ಷರಪ್ಪನವರು ಹಲ್ಲು ಕಚ್ಚಿಕೊಂಡು ಕೂತೇ ಇದ್ದರು. ಅವರ ಹೆಸರು ಹಾಡಿಗೆ ಸೇರಿತ್ತು, ಒಂದಲ್ಲ, ಮೂವತ್ತು ಸಲ.

ವಾಪಸು ಬರುವಾಗ ಬಸ್ಸು ಹರಿಹರದ ಸೇತುವೆ ದಾಟುತ್ತಲೇ ಪಂಚಾಕ್ಷರಪ್ಪನವರು, “ನನ್ನ ಮಾನ ಕಳದಿ. ಊರಾಗೆ ಬಾಯಿ ಬಿಟ್ಟೀಯೆ, ನೋಡ್ಕೊ” ಎಂದರು.

“ನಾ ಯಾಕ ಬಾಯಿ ಬಿಡ್ಲಿ? ನಿಮ್ಮ ಹೆಸರು ನಾ ಹಿಡಿಯಲ್ಲಲ್ರೀ.”

ಮನೆಯ ಮುಂದೆ ಉಜ್ಜನಪ್ಪ ಕಾದೇ ನಿಂತಿದ್ದ. “ಸೂರಪ್ಪ ಏನಂತ ಹಾಡಿದ್ರೀ?”

“ಸೂರ್ಯ ಅಂತ” ಎಂದು ಗತ್ತಿನಿಂದ ಹೇಳಿ ಪಂಚಾಕ್ಷರಪ್ಪನವರು ಕೋಟಿನ ಜೇಬಿಗೆ ಕೈಹಾಕಿದರು. ಬೀಗದ ಕೈ ಇಲ್ಲ. ಇನ್ನೊಂದು ಜೇಬು, ಟ್ರಂಕು, ಬುತ್ತಿಯ ಗಂಟು, ಎಲ್ಲೂ ಇಲ್ಲ. ಸಿಟ್ಟು ನೆತ್ತಿಗೇರಿತು. ಕೋಟು ಕಿತ್ತೆಸೆದರು, ಬೀಗಕ್ಕೆ ಒದ್ದರು, ಹೆಬ್ಬೆರಳು ಜಜ್ಜಿಕೊಂಡು ಕುಣಿದರು. ಓಣಿಯ ಮಂದಿ ಸೇರಿದರು.

“ಬೀಗದ ಕೈ ಕಳದೈತೆ. ಯಾರ ತಪ್ಪು? ಹೇಳು, ಯಾರ ತಪ್ಪು?”

ಕುಣಿದ ರಭಸಕ್ಕೆ ಧೋತರ ಸಡಿಲವಾಗಿತ್ತು. ಅಲ್ಲಿ ಉಡಿದಾರಕ್ಕೆ ಅವರೇ ಭದ್ರವಾಗಿ ಕಟ್ಟಿಕೊಂಡಿದ್ದ ಬೀಗದ ಕೈ ಎಲ್ಲರಿಗೂ ಕಾಣುವಂತೆ ತೂಗಾಡುತ್ತಿತ್ತು.

ಗುರುಶಾಂತಮ್ಮ ಸೆರಗು ತಲೆಗೆಳೆದುಕೊಂಡು, ಬೇರೆ ಕಡೆ ನೋಡುತ್ತ, ಸೂರಪ್ಪನ ಧಾಟಿಯಲ್ಲೇ ಮೆಲ್ಲಗೆ ಹೇಳಿದರು:

“ಪಂಚಾಕ್ಷರಪ್ಪ.”

“ಯಜಮಾನರ ಹೆಸರು ಹಿಡಿದ್ರಲ್ಲ ಗುರುಶಾಂತಮ್ಮಾರೆ!” ಎಂದು ಉಜ್ಜನಪ್ಪ ಬೆರಗಾದ.

“ಎಲ್ಲಿ ಹಿಡಿದೆ? ಹಾಡು ಹೇಳಿದೆ” ಎಂದ ಗುರುಶಾಂತಮ್ಮ ಮಂಗಳೂರಿನ ಕಥೆಯನ್ನೆಲ್ಲ ಅಲ್ಲೇ ಬಿಚ್ಚಿಟ್ಟರು.

ಮರುದಿನದಿಂದ ಉಜ್ಜನಪ್ಪ ಹಲ್ಲುಜ್ಜುವಾಗ ಹುಣ್ಣಿಮೆಯ ಹಾಡು ಬಿಟ್ಟ. ಪಂಚಾಕ್ಷರಪ್ಪನವರ ಹೆಸರನ್ನೇ ಹಾಡುತ್ತಿದ್ದ.