ಶ್ರೀ ಲಕ್ಷ್ಮಯ್ಯನವರ ಚಟ್ನಿಪುಡಿ

ಮಧುಗಿರಿಯ ಲಕ್ಷ್ಮಯ್ಯನಿಗೆ ಹೆಂಡತಿಯ ಮೇಲಿದ್ದ ದೂರು ಒಂದೇ: ಕೆಂಚಮ್ಮನಿಗೆ ದೂರದೃಷ್ಟಿ ಇಲ್ಲ. ಮದುವೆಯಾದಾಗಿನಿಂದ ಅವಳು ಕಡ್ಲೆಕಾಯಿ ಚಟ್ನಿಪುಡಿ ಕುಟ್ಟಿ, ಹಳೇ ಪೇಪರಿನಲ್ಲಿ ಪೊಟ್ಟಣ ಕಟ್ಟಿ ಮಾರುತ್ತಿದ್ದಳು. ಅದರಿಂದಲೇ ಮನೆ ನಡೆಯುತ್ತಿತ್ತು. (ಲಕ್ಷ್ಮಯ್ಯನೂ ನಡೆಯುತ್ತಿದ್ದ, ಬಸ್ ಸ್ಟ್ಯಾಂಡಿನ ಹೋಟೆಲಿಗೆ.)

"ಹೆಸ್ರಿಲ್ಲದ ಮಾಲು ಎಷ್ಟು ದಿನ ಬಾಳ್ತದೆ ಕಣೇ? ನಾವು ಹೋದ ಮೇಲೂ ಹೆಸ್ರು ಉಳೀಬೇಕು."

"ನಾವು ಇರೋವಾಗ ಒಂದಿಷ್ಟು ಮೆಣಸಿನಕಾಯಿ ತೊಟ್ಟು ಬುಡ್ಸಿಕೊಡಿ, ಸಾಕು," ಎಂದಳು ಕೆಂಚಮ್ಮ.

ಅವನು ತೊಟ್ಟು ಬಿಡಿಸಲಿಲ್ಲ. ಸ್ಟುಡಿಯೋಗೆ ಹೋಗಿ, ಅಲ್ಲಿನ ಕರಿಕೋಟು ತೊಟ್ಟು, ಅಲ್ಲಾಡಬೇಡಿ ಅಂದಿದ್ದಕ್ಕೆ ಉಸಿರು ಕಟ್ಟಿ ಕೂತು ಫೋಟೋ ತೆಗೆಸಿಕೊಂಡ. ಪ್ರೆಸ್ಸಿನಲ್ಲಿ ಅಗ್ಗಕ್ಕೆ ಸಿಕ್ಕ ಬಣ್ಣ ಕಪ್ಪೊಂದೇ. ಮುಖದ ಸುತ್ತ ಹೂವಿನ ಅಂಚು ಹಾಕಿಸಿದ. ಕೆಳಗೆ ಧ್ಯೇಯವಾಕ್ಯ: 'ಶ್ರೀ ಲಕ್ಷ್ಮಯ್ಯನವರು. ಅವರಿಲ್ಲದಿದ್ದರೂ ಅವರ ರುಚಿ ಅಮರ.' ಮುಂದಿನ ತಲೆಮಾರು ಹೇಗೂ ಬರೆಸಬೇಕಾದ ಮಾತು, ಈಗಲೇ ಬರೆಸಿಟ್ಟರೆ ಕೆಲಸ ಮುಗಿಯಿತಲ್ಲ ಎಂಬುದು ಅವನ ವಿಚಾರ. ಲೇಬಲ್ ನೋಡಿದ ಕೆಂಚಮ್ಮ ಹಣೆಯ ಕುಂಕುಮ ಒಮ್ಮೆ ಮುಟ್ಟಿ ನೋಡಿಕೊಂಡಳು.

ಪೊಟ್ಟಣಗಳು ಬಸ್ಸಿನಲ್ಲಿ ಶಿರಾದ ಹಬೀಬ್ ಸಾಬರ ಅಂಗಡಿಗೆ ಹೋದವು. ವಾರದೊಳಗೆ ಎಲ್ಲಾ ಖಾಲಿ, ಇನ್ನೂ ಕಳಿಸಿ ಎಂದು ಕಂಡಕ್ಟರನ ಕೈಲಿ ಹೇಳಿಕಳಿಸಿದರು. ಕೆಂಚಮ್ಮನ ಅಂಗೈಯಲ್ಲಿ ಬೊಬ್ಬೆ ಬಂತು. ಲಕ್ಷ್ಮಯ್ಯ ತನ್ನ ಕೀರ್ತಿಯನ್ನು ಕಣ್ಣಾರೆ ನೋಡಲು ಶಿರಾಕ್ಕೆ ಹೊರಟ.

ಅಂಗಡಿ ಮುಂದೆ ಹುಲಿಕುಂಟೆಯ ಮುದುಕಿಯೊಬ್ಬಳು ಪೊಟ್ಟಣ ಕಣ್ಣಿಗೊತ್ತಿಕೊಳ್ಳುತ್ತಿದ್ದಳು.

"ಬಲು ಒಳ್ಳೆ ಮನ್ಸ ಅಂತೆ. ಈಗ ಎಂಡ್ರು ಒಬ್ಳೇ ಕುಟ್ಕಂಡು ಜೀವ್ನ ಮಾಡ್ತಾವ್ಳಂತೆ, ಪಾಪ." ಆಮೇಲೆ ಲಕ್ಷ್ಮಯ್ಯನ ಮುಖ ದಿಟ್ಟಿಸಿದಳು. "ನೀನೂ ಅಂಗೇ ಇದೀಯಲ್ಲಪ್ಪ. ತಮ್ಮನಾ?"

ಹಬೀಬ್ ಸಾಬರು ಅವನ ಕಿವಿಗೆ ಬಾಗಿದರು. "ನೀವು ಹೋಗ್ಬುಟ್ರಿ ಅಂತ ನಾನು ಹೇಳಿಲ್ಲ ಭಾಯ್. ಜನ ಕೇಳಿದ್ರು, ನಾನು ನಿಟ್ಟುಸಿರು ಬುಟ್ಟೆ, ಅಷ್ಟೇ."

ಬದುಕಿದ್ದಾಗ ಲಕ್ಷ್ಮಯ್ಯನನ್ನು ಯಾರೂ ಒಳ್ಳೆಯ ಮನುಷ್ಯ ಎಂದಿರಲಿಲ್ಲ. ನಿಜ ಹೇಳಿದರೆ ವ್ಯಾಪಾರವೂ ಹೋಯಿತು, ಆ ಹೆಸರೂ ಹೋಯಿತು.

"ಹೂಂ, ತಮ್ಮ," ಎಂದುಬಿಟ್ಟ.

ಆ ತಿಂಗಳೇ ಸಾಬರು ಪಾವಗಡದ ವ್ಯಾಪಾರಿ ಮುದ್ದಪ್ಪನನ್ನು ಮನೆಗೇ ಕರೆತಂದರು. ಅವನಿಗೆ ವರ್ಷವಿಡೀ ಮಾಲು ಬೇಕಾಗಿತ್ತು. "ಇವ್ರು ಆ ಲಕ್ಷ್ಮಯ್ಯನೋರ ತಮ್ಮ," ಎಂದು ಸಾಬರು ನೆಲ ನೋಡುತ್ತ ಪರಿಚಯಿಸಿದರು. (ಹಣೆ ತುಂಬ ಕುಂಕುಮವಿದ್ದ ಕೆಂಚಮ್ಮ ತಾನಾಗಿಯೇ ತಮ್ಮನ ಹೆಂಡತಿಯಾದಳು.) ಒರಳಿನ ಮುಂದಿದ್ದ ಅವಳು ಗಂಡನನ್ನು ಒಮ್ಮೆ ನೋಡಿ, ಮತ್ತೆ ಕುಟ್ಟತೊಡಗಿದಳು.

ಮುದ್ದಪ್ಪ ಪೊಟ್ಟಣಕ್ಕೆ ಕೈಮುಗಿದ. "ಮಹಾನುಭಾವುಡು. ಅಂತಾ ಮನ್ಸ ಮತ್ತೆ ಉಟ್ಟಲ್ಲ. ನೀನೇನಪ್ಪ ಕೆಲ್ಸ ಮಾಡೋದು?"

ಲಕ್ಷ್ಮಯ್ಯ ಒರಳಿನ ಕಡೆ ನೋಡಿದ.

"ಅಣ್ಣನ ಹೆಸ್ರಲ್ಲಿ ಕೂತು ತಿನ್ಬ್ಯಾಡಪ್ಪ," ಎಂದು ಮುದ್ದಪ್ಪ ಬುದ್ಧಿ ಹೇಳಿದ. ಆಮೇಲೆ ದನಿ ತಗ್ಗಿಸಿ, "ಏನಾಗಿತ್ತು ಅವ್ರಿಗೆ?" ಎಂದ.

ಲಕ್ಷ್ಮಯ್ಯ ಬಾಯಿ ತೆರೆದ. ತಾನು ಸತ್ತದ್ದು ಹೇಗೆಂದು ತೋಚದೆ ಕಣ್ಣಲ್ಲಿ ನಿಜವಾಗಿಯೂ ನೀರು ಬಂತು.

ಒನಕೆ ನಿಂತಿತು.

"ಏನಿಲ್ಲ ಬುಡಿ," ಎಂದಳು ಕೆಂಚಮ್ಮ. "ಮುಂದಿನ ಯೋಚ್ನೆ ಜಾಸ್ತಿಯಾಗಿ ಒಂಟೋದ್ರು."