ಮುನ್ನೂರು ಕನ್ಯಾ-ವರ, ಒಂದು ಜೋಳದ ಬುಟ್ಟಿ

ಗಡಬಡಿಯೆಲ್ಲ ಸುರುವಾದದ್ದು ಒಂದು ಬಸ್ಸಿನಿಂದ. ಹಿಂದಿನ ಆಯ್ತವಾರ ಕುಲಗೋಡದ ಧನಪಾಲ ಕಾಕಾ ತಮ್ಮ ಮಗಳು ಶುಭಾಂಗಿಗೆ ವರ ನೋಡಲು ಮೂಡಲಗಿಯ ಧನ್ಯಕುಮಾರನ ಕಂಪ್ಯೂಟರ್ ಸೆಂಟರಿಗೆ ಬಂದಿದ್ದರು. ಪಟ್ಟಿ ತೆರೆಯಲೆಂದು ಧನ್ಯಕುಮಾರ ಗುಂಡಿ ಒತ್ತಿದ. ಕಾಕಾ ಒಂದು ಕಪ್ ಚಹಾ ಕುಡಿದರು, ಇನ್ನೊಂದು ಕಪ್ ಕುಡಿದರು, ಪೇಪರಿನ ನಿಧನವಾರ್ತೆಗಳನ್ನೂ ಬಿಡದೆ ಓದಿದರು. ಮೊದಲ ವರನ ಹೆಸರು ಮೂಡುವ ಹೊತ್ತಿಗೆ ಕುಲಗೋಡದ ಬಸ್ಸು ಹಾರ್ನು ಹೊಡೆಯಿತು. ಕಾಕಾ ಎದ್ದು ಹೋದರು.

ಧನ್ಯಕುಮಾರ ತನ್ನ ನಿಧಾನದ ಕಂಪ್ಯೂಟರನ್ನು ಶಪಿಸಿದ. ಸುತ್ತಲಿನ ಜೈನ ಮನೆಗಳ ಮುನ್ನೂರು ಕನ್ಯಾ-ವರಗಳ ವಿವರ ಆ ಕಂಪ್ಯೂಟರಿನಲ್ಲಿತ್ತು. ಹುಟ್ಟಿದ ತಾರೀಖು ಒಮ್ಮೆ ಹಾಕಿದರೆ ಸಾಕು, ವಯಸ್ಸನ್ನು ಯಂತ್ರವೇ ವರ್ಷವರ್ಷ ಲೆಕ್ಕ ಹಾಕಿ ಪಟ್ಟಿಯಲ್ಲಿ ಛಾಪಿಸುತ್ತಿತ್ತು. ಆ ಪಟ್ಟಿಯಲ್ಲಿ ಮೂವತ್ನಾಲ್ಕರ ಧನ್ಯಕುಮಾರನೂ ಇದ್ದ, ಇಪ್ಪತ್ತೊಂಬತ್ತರ ಶುಭಾಂಗಿಯೂ ಇದ್ದಳು. ಅವಳ ವಿವರ ಟೈಪು ಮಾಡಿದ ದಿನದಿಂದ ಅವನಿಗೆ ಬೇರೆ ಯಾರ ವಿವರವೂ ರುಚಿಸಿರಲಿಲ್ಲ. ಈ ಆಯ್ತವಾರ ನಾಲ್ಕು ಗಂಟೆಗೆ ಕಾಕಾ ಮಗಳನ್ನೂ ಕರೆದುಕೊಂಡು ಮತ್ತೆ ಬರುವವರಿದ್ದರು. ಅಷ್ಟರೊಳಗೆ ಮದರ್‌ಬೋರ್ಡು, ಪ್ರೊಸೆಸರ್ ಎರಡನ್ನೂ ಬದಲಾಯಿಸಬೇಕು, ಪಟ್ಟಿಯ ಒಂದಕ್ಷರವೂ ಹೋಗಬಾರದು.

ಆಯ್ತವಾರ ಬೆಳಿಗ್ಗೆ ಗೋಕಾಕದಿಂದ ಲಗಮಪ್ಪ ಬಂದ. ಇಪ್ಪತ್ತು ವರ್ಷ ರೇಡಿಯೋ ರಿಪೇರಿ ಮಾಡಿ, ಎರಡು ತಿಂಗಳ ಹಿಂದೆ ಕಂಪ್ಯೂಟರಿಗೆ ಕೈ ಹಚ್ಚಿದವ. ಅವನು ಡಬ್ಬಿ ಬಿಚ್ಚುತ್ತಲೇ ಎದುರಿನ ಸೈಕಲ್ ಅಂಗಡಿಯ ರಾಚಪ್ಪ ಕೆಲಸ ಬಿಟ್ಟು ಬಂದು ನಿಂತ.

"ಧನ್ಯಕುಮಾರ, ಇಂಜಿನ್ ಬದಲ್ ಮಾಡಿದ್ರ ಟ್ಯಾಂಕಿನ್ಯಾಗಿನ ಪೆಟ್ರೋಲ್ ಏನಾಗತೈತ್ರಿ?"

"ಟ್ಯಾಂಕ್ ಬ್ಯಾರೆ ಐತ್ರಿ," ಎಂದ ಲಗಮಪ್ಪ, ಅಂಗೈ ಅಗಲದ ಹಾರ್ಡ್ ಡಿಸ್ಕನ್ನು ಎತ್ತಿ ತೋರಿಸುತ್ತ. "ಎಲ್ಲಾ ಇದರಾಗ ಐತಿ. ಇದನ್ನ ಹುಷಾರಾಗಿ ಇಡ್ರಿ. ಕೆಳಗ ಬೀಳಬಾರ್ದು, ಅಯಸ್ಕಾಂತದ ಹತ್ರ ಅಂತೂ ಒಯ್ಯಾಕಬಾರ್ದು."

ಧನ್ಯಕುಮಾರ ಅದನ್ನು ಸೆಂಟರಿನ ಹಿಂದಿನ ಮನೆಯಲ್ಲಿದ್ದ ತಾಯಿ ಸೀತಾಬಾಯಿಯ ಕೈಗೆ ಕೊಟ್ಟ. "ಅವ್ವಾ, ಮುನ್ನೂರು ಮನಿ ಮರ್ಯಾದಿ ಐತಿ ಇದರಾಗ. ಜ್ವಾಕಿ."

ಮಧ್ಯಾಹ್ನದ ಹೊತ್ತಿಗೆ ಹೊಸ ಬೋರ್ಡು ಕೂತಿತು, ಪ್ರೊಸೆಸರ್ ಕೂತಿತು, ರಾಚಪ್ಪನ ಸಲಹೆಯಂತೆ ಫ್ಯಾನಿಗೆ ಸೈಕಲ್ ಎಣ್ಣೆಯೂ ಒಂದು ಹನಿ ಬಿತ್ತು. ಡಿಸ್ಕು ಕೇಳಿದರೆ ಸೀತಾಬಾಯಿ ನಕ್ಕರು.

"ಬಂಗಾರ ಇಡೋ ಜಾಗಾದಾಗ ಇಟ್ಟೇನೋ. ಅಡಗಿಮನಿ ಜೋಳದ ಬುಟ್ಟ್ಯಾಗ ಹುಗದೇನಿ. ದೀಪಾ ಹಚ್ಚಿ ಹುಡುಕಿದ್ರೂ ಕಳ್ಳರಿಗೆ ಸಿಗಂಗಿಲ್ಲ."

ಕಳ್ಳರಿಗೇನು, ಯಾರಿಗೂ ಸಿಗುವಂತಿರಲಿಲ್ಲ. ಬುಟ್ಟಿ ಇದ್ದ ಜಾಗದಲ್ಲಿ ನಾಲ್ಕು ಜೋಳದ ಕಾಳು ಬಿದ್ದಿದ್ದವು, ಅಷ್ಟೇ.

"ಅಯ್ಯ! ಕರೆವ್ವ ಗಿರಣಿಗೆ ಒಯ್ದಾಳ!" ಎಂದರು ಸೀತಾಬಾಯಿ. ಕರೆವ್ವ ಮನೆಗೆಲಸದವಳು, ಆಯ್ತವಾರ ಬಂತೆಂದರೆ ಹೇಳಿಸಿಕೊಳ್ಳದೆ ಜೋಳ ಬೀಸಿಸಿಕೊಂಡು ಬರುವಾಕೆ.

ಧನ್ಯಕುಮಾರ ಒಂದೇ ಚಪ್ಪಲಿಯಲ್ಲಿ ಓಡಿದ. ಹಿಂದೆ ಲಗಮಪ್ಪ, ಅವನ ಹಿಂದೆ ರಾಚಪ್ಪ. ಓಡುತ್ತಲೇ ರಾಚಪ್ಪನಿಗೆ ಒಂದು ಮಾತು ನೆನಪಾಯಿತು.

"ಗಿರಣಿ ಡಬ್ಬಿ ಬಾಯಾಗ ಅಯಸ್ಕಾಂತ ಇರತೈತಲ್ರಿ! ಜೋಳದಾಗಿನ ಮೊಳಿ ಹಿಡ್ಯಾಕ!"

ಧನ್ಯಕುಮಾರ ಇನ್ನೊಂದು ಚಪ್ಪಲಿಯನ್ನೂ ಕಳಚಿ ಎಸೆದು ಓಡಿದ. ಮುನ್ನೂರು ಕನ್ಯಾ-ವರಗಳು ಹಿಟ್ಟಾಗಿ ಬಿಳಿ ಧೂಳಿನಲ್ಲಿ ಹಾರಿಹೋಗುವುದು ಅವನ ಕಣ್ಣಿಗೆ ಕಟ್ಟಿತು. ಗಿರಣಿ ಹೊಕ್ಕಾಗ ಮಾಲೀಕ ಅಣ್ಣಪ್ಪ ಅವರದೇ ಬುಟ್ಟಿಯನ್ನು ಎತ್ತಿ ಸುರಿಯಲು ಬಗ್ಗಿಸಿದ್ದ.

"ನಿಂದರ್ರೀ! ಅದರಾಗ ಶುಭಾಂಗಿ ಅದಾಳ!"

ಗಿರಣಿ ಗಪ್ಪನೆ ನಿಂತಿತು. ಪಾಳಿಯಲ್ಲಿ ಕೂತ ಹೆಂಗಸರೆಲ್ಲ ಬುಟ್ಟಿಯನ್ನು ನೋಡಿದರು, ಅವನನ್ನು ನೋಡಿದರು.

"ಎಷ್ಟ್ ದಿನದಿಂದರೀ ಹಿಂಗ?" ಎಂದು ಒಬ್ಬಾಕೆ ರಾಚಪ್ಪನನ್ನು ಮೆಲ್ಲಗೆ ಕೇಳಿದಳು.

ಧನ್ಯಕುಮಾರ ಜೋಳದೊಳಗೆ ಮೊಣಕೈವರೆಗೂ ಕೈ ಹಾಕಿ ಡಿಸ್ಕನ್ನು ಹೊರತೆಗೆದು ಎದೆಗೆ ಅವುಚಿಕೊಂಡ. ಅವನ ಕಣ್ಣಲ್ಲಿ ನೀರು ಬಂದಿತ್ತು. ಅಣ್ಣಪ್ಪ ಅದನ್ನು ಹಿಟ್ಟಿನ ಧೂಳೆಂದು ತಿಳಿದು ತನ್ನ ಟಾವೆಲ್ ಕೊಟ್ಟ.

ಮೂರೂವರೆಗೆ ಲಗಮಪ್ಪ ಡಿಸ್ಕು ಜೋಡಿಸಿ ಗುಂಡಿ ಒತ್ತಿದ. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಏನೋ ಬಂದು ನಿಂತಿತು.

"ತಾರೀಖು-ಗೀರೀಖು ಕೇಳಾಕತ್ತೈತಿ," ಎಂದ ಲಗಮಪ್ಪ. "ಹೊಸಾ ಬೋರ್ಡ್ ಹಂಗ. ಎಫ್ ಒನ್ ಒತ್ರಿ, ಮುಂದ ಹೋಗತೈತಿ."

ಧನ್ಯಕುಮಾರ ಒತ್ತಿದ. ಮುಂದೆ ಹೋಯಿತು. ಪಟ್ಟಿ ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆಯಿತು. ಮುನ್ನೂರೂ ಹೆಸರು ಇದ್ದವು. ಅವನು ಖುಷಿಯಲ್ಲಿ ರಾಚಪ್ಪನನ್ನೇ ತಬ್ಬಿಕೊಂಡ.

ಸರಿಯಾಗಿ ನಾಲ್ಕಕ್ಕೆ ಧನಪಾಲ ಕಾಕಾ ಮತ್ತು ಶುಭಾಂಗಿ ಬಂದರು. ಚಹಾ ಕಾಯುವುದರೊಳಗೆ ಛಾಪಿಸಿದ ಪಟ್ಟಿ ಕಾಕಾನ ಕೈಯಲ್ಲಿತ್ತು.

"ಇಂಜಿನ್ ಬದಲ್ ಮಾಡೇನ್ರಿ ಕಾಕಾ," ಧನ್ಯಕುಮಾರ ಎದೆ ಉಬ್ಬಿಸಿದ. "ಆದ್ರ ಒಂದಕ್ಷರ ಹೋಗಿಲ್ಲ. ಒಂದಂಕಿ ಆಚಿಈಚಿ ಆಗಿಲ್ಲ."

ಕಾಕಾ ಚಷ್ಮಾ ಏರಿಸಿ ಪಟ್ಟಿ ನೋಡಿದರು. ನೋಡುತ್ತ ನೋಡುತ್ತ ಅವರ ಮುಖದ ಗೆರೆಗಳೆಲ್ಲ ಸಡಿಲವಾದವು.

"ಖರೆ ಹೇಳ್ತೇನ್ರಿ ಧನ್ಯಕುಮಾರ. ಮಗಳಿಗೆ ಮೂವತ್ತು ಬಂತಂತ ನಿದ್ದಿ ಇದ್ದಿದ್ದಿಲ್ಲ. ಪಟ್ಟಿ-ಗಿಟ್ಟಿ ಸಾಕು, ನಿಮಗ ಮಗಳನ್ನ ಕೊಟ್ಟು, ಮಾತು ಪಕ್ಕಾ ಮಾಡಿ ಇವತ್ತ ಸಕ್ಕರಿ ತಿಂದು ಹೋಗೋಣು ಅಂತ ಬಂದಿದ್ದೆ. ಆದ್ರ ಇದರಾಗ ಇಪ್ಪತ್ನಾಕು ಅಂತ ಐತಿ! ಆವಾಗ ಸಾಲಿ ಮಾಸ್ತರ ಎಲ್ಲಾರ ಹುಟ್ಟಿದ ತಾರೀಖೂ ಜೂನ್ ಒಂದು ಅಂತ ಬರೀತಿದ್ರು. ವರ್ಷಾನೂ ಅಂದಾಜಿನ ಮ್ಯಾಲ ಬರ್ದಿರಬೇಕು. ಕಂಪ್ಯೂಟರ್ ಖರೆ ಹುಡುಕೇತಿ. ಇನ್ನ ಯಾಕ ಗಡಿಬಿಡಿ? ಹುಕ್ಕೇರಿ ಕಡೆ ಛಲೋ ವರ ಅದಾವಂತ, ಸಾವಕಾಶ ನೋಡೋಣು."

ಧನ್ಯಕುಮಾರ ಪರದೆಯ ಮೂಲೆಯತ್ತ ತಿರುಗಿದ. ಗೋಡೆಯ ಕ್ಯಾಲೆಂಡರಿನಲ್ಲಿ ಎರಡು ಸಾವಿರದ ನಾಲ್ಕರ ಜನವರಿ. ಹೊಸ ಬೋರ್ಡಿನ ಗಡಿಯಾರದಲ್ಲಿ ಹತ್ತೊಂಬತ್ತು ನೂರಾ ತೊಂಬತ್ತೊಂಬತ್ತರ ಜನವರಿ. ಮುನ್ನೂರು ಕನ್ಯಾ-ವರಗಳಿಗೂ ಐದೈದು ವರ್ಷ ಇಳಿದಿತ್ತು.

"ಕಾಕಾ, ಅದು ಗಡಿಯಾರದ ತಪ್ಪು! ನಂಗೂ ಮೂವತ್ನಾಕು, ಇದರಾಗ ಇಪ್ಪತ್ತೊಂಬತ್ತು ಬಂದೈತಿ!"

"ಒಂದಂಕಿ ಆಚಿಈಚಿ ಆಗಿಲ್ಲಂತ ಈಗಷ್ಟ ನೀವ ಹೇಳಿದ್ರಿ," ಎಂದು ಕಾಕಾ ಪಟ್ಟಿಯನ್ನು ನಾಲ್ಕು ಮಡಿಕೆ ಮಾಡಿ ಕಿಸೆಗೆ ಹಾಕಿದರು. ಹೊರಗೆ ಕುಲಗೋಡದ ಬಸ್ಸು ಹಾರ್ನು ಹೊಡೆಯಿತು.

ಶುಭಾಂಗಿ ಮೆಟ್ಟಿಲ ಮೇಲೆ ಹಿಂದುಳಿದಳು. ಅವಳ ತುಟಿಯಲ್ಲಿ ನಗು ಇತ್ತು.

"ಗಿರಣ್ಯಾಗ ನನ್ನ ಹೆಸರು ಹಿಡಿದು ಒದರಿದ್ರಂತಲ್ಲ, ಬಸ್‌ಸ್ಟ್ಯಾಂಡಿನ ತನಕ ಸುದ್ದಿ ಬಂದೈತಿ," ಎಂದಳು. "ನಾ ಯಾವಾಗ ಹುಟ್ಟೇನಿ ಅಂತ ನಂಗ ಗೊತ್ತೈತ್ರಿ. ಗಡಿಯಾರ ಸರಿ ಮಾಡಿ ಇಡ್ರಿ. ಬರೋ ಆಯ್ತವಾರ ಅಪ್ಪನ್ನ ಮತ್ತ ಕರಕೊಂಡ ಬರ್ತೇನಿ."

ಬಸ್ಸು ತಿರುವಿನಲ್ಲಿ ಮರೆಯಾಗುತ್ತಲೇ ಧನ್ಯಕುಮಾರ ಹಾರಿಬಂದು ಕಂಪ್ಯೂಟರಿನ ಮುಂದೆ ಕೂತ. ಸೀತಾಬಾಯಿ ಅವನ ಮುಂಗೈ ಹಿಡಿದರು.

"ಇಪ್ಪತ್ತೊಂಬತ್ತು ಆಗಿಯಲ್ಲೋ ನನ್ನಪ್ಪಾ, ಹಂಗ ಇರಲಿ ಬಿಡೋ!"

"ಬಿಡಬೇ ಅವ್ವಾ, ಲಗೂನ ನಂಗ ಮೂವತ್ನಾಕು ಆಗಾಕಬೇಕು!"

ಐದು ವರ್ಷ ದೊಡ್ಡವನಾಗಲು ಇಷ್ಟು ಅವಸರಪಟ್ಟ ವರ ಮೂಡಲಗಿಯಲ್ಲಿ ಹಿಂದೆ ಹುಟ್ಟಿರಲಿಲ್ಲ. ಅವನು ಕೈ ಬಿಡಿಸಿಕೊಂಡು ಕೀಲಿಯ ಮೇಲೆ ಬೆರಳಿಟ್ಟ. ಕರೆಂಟು ಹೋಯಿತು.